ಆಸ್ಪತ್ರೆಯೋ, ಮನೆಯೋ, ಹಾಸ್ಪಿಸ್ಸೋ: ಯಾರಿಗೆ, ಯಾವಾಗ, ಯಾವುದು?

“ಅತ್ತಿಗೆ, ಅಪ್ಪ ಹಾಸ್ಪಿಸ್‌ಗೆ ಕ್ವಾಲಿಫೈ ಆಗ್ತಾರಾ?”

ನ್ಯೂಜೆರ್ಸಿಯಿಂದ ಮೈದುನ ಹೀಗೆ ಕೇಳಿದಾಗ ನಾನು ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ಮಾವನಿಗೆ ಗಂಜಿತಿಳಿ ಸೋಸುತ್ತಿದ್ದೆ. ಕ್ವಾಲಿಫೈ ಆಗೋಕೆ ಇದೇನು ಎಸ್ಸೆಸ್ಸೆಲ್ಸಿ ಪರೀಕ್ಷೆಯಾ ಅಂತ ಸಿಟ್ಟು ಬಂತು. ನನಗೆ ಆಗ ಹಾಸ್ಪಿಸ್ ಅಂದರೆ ಬಾಂದ್ರಾದಲ್ಲಿ ಮೌಂಟ್ ಮೇರಿ ಕಡೆಯ ಒಂದು ಕಟ್ಟಡ, ಕೊನೆಯ ವಾರ ಕಳೆಯಲು ಹೋಗುವ ಜಾಗ, ಅಷ್ಟೇ. ಮೈದುನನಿಗೆ ಹಾಸ್ಪಿಸ್ ಅಂದರೆ ಡಾಕ್ಟರು ಸಹಿ ಹಾಕುವ ಫಾರ್ಮು. ನಿಜಕ್ಕೂ ಅದು ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿ ನೋವು ತಗ್ಗಿಸಿ ನೋಡಿಕೊಳ್ಳುವ ಆರೈಕೆ. ಇಬ್ಬರೂ ಅರ್ಧ ತಿಳಿದವರು. ಆ ಅರ್ಧ ತಿಳಿವಿನಲ್ಲಿ ನಾವು ಆರು ವಾರ ಕಳೆದೆವು. ಮಾವ ಎರಡು ಸಲ ಐಸಿಯು ನೋಡಿ ಬಂದರು.

ಆಮೇಲೆ ಪುಣೆಯಲ್ಲಿ ದೊಡ್ಡಮ್ಮ, ಗೋವಾದ ವಾಸ್ಕೋದಲ್ಲಿ ಚಿಕ್ಕಪ್ಪ. ಮೂರು ಊರು, ಮೂರು ಬೇರೆ ಬೇರೆ ಕಾಯಿಲೆ. ನಾನು ಡಾಕ್ಟರಲ್ಲ. ಮೂರು ಮನೆಯ ಫೈಲು ಹೊತ್ತು ತಿರುಗಿದವಳು. ಈಗ ಮಾಟುಂಗಾ, ಠಾಣೆ, ಡೊಂಬಿವಲಿ ಕಡೆಯ ನಮ್ಮವರು ಫೋನು ಮಾಡಿ ಕೇಳಿದರೆ ಏನು ಹೇಳುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಆ ಆರು ತಿಂಗಳ ಲೆಕ್ಕ

ಮೊದಲು ಮೈದುನನ ಪ್ರಶ್ನೆಯನ್ನೇ ಬಿಡಿಸೋಣ. ಯಾಕಂದರೆ ಮಕ್ಕಳು ಹೊರದೇಶದಲ್ಲಿರುವ ಪ್ರತಿ ಮನೆಯಲ್ಲೂ ಇದು ಬರುತ್ತದೆ.

ಅಮೆರಿಕದಲ್ಲಿ ವಯಸ್ಸಾದವರ ಸರಕಾರಿ ವಿಮೆ ಮೆಡಿಕೇರ್. ಅದು ಹಾಸ್ಪಿಸ್ ಖರ್ಚು ಕೊಡಬೇಕಾದರೆ ಇಬ್ಬರು ಡಾಕ್ಟರು ಬರೆದುಕೊಡಬೇಕು: ಕಾಯಿಲೆ ತನ್ನ ಪಾಡಿಗೆ ತಾನು ಸಾಗಿದರೆ ಈ ವ್ಯಕ್ತಿಗೆ ಆರು ತಿಂಗಳು ಅಥವಾ ಅದಕ್ಕಿಂತ ಕಮ್ಮಿ ಆಯುಸ್ಸು ಅಂತ. ಜೊತೆಗೆ ಆ ಕಾಯಿಲೆಯನ್ನು ಗುಣಮಾಡುವ ಚಿಕಿತ್ಸೆ ಇನ್ನು ಸಾಕು ಅಂತ ರೋಗಿ ಒಪ್ಪಬೇಕು. ಮೊದಲು 90 ದಿನ, ಮತ್ತೆ 90 ದಿನ, ಆಮೇಲೆ 60 ದಿನಕ್ಕೊಮ್ಮೆ ಮರುಪರಿಶೀಲನೆ. ಆರು ತಿಂಗಳು ದಾಟಿ ಬದುಕಿದ್ದರೆ ಹೊರಗೆ ಹಾಕುವುದಿಲ್ಲ. ಕಾಯಿಲೆ ಇಳಿಮುಖ ಅಂತ ಡಾಕ್ಟರು ಮತ್ತೆ ಬರೆದುಕೊಟ್ಟರೆ ಮುಂದುವರಿಯುತ್ತದೆ. ಸುಧಾರಿಸಿದರೆ ಹೊರಗೆ ಬರಬಹುದು, ಬೇಡ ಅನಿಸಿದ ದಿನ ರೋಗಿಯೇ ಬಿಡಬಹುದು. ಇವೆಲ್ಲ ದುಡ್ಡು ಕೊಡುವ ವಿಮೆಯವರ ನಿಯಮ.

ನಮ್ಮಲ್ಲಿ ಆ ಫಾರ್ಮೂ ಇಲ್ಲ, ಆ ಗಡುವೂ ಇಲ್ಲ. ನಮ್ಮ ದೊಡ್ಡ ಹಾಸ್ಪಿಸ್‌ಗಳು ಟ್ರಸ್ಟಿನವು, ರೋಗಿಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಅವರು ನೋಡುವುದು ಬೇರೆ: ಕಾಯಿಲೆ ಯಾವುದು, ಎಷ್ಟು ಮುಂದುವರಿದಿದೆ, ಗುಣವಾಗುವ ಚಿಕಿತ್ಸೆ ಮುಗಿದಿದೆಯಾ, ನೋವು ಅಥವಾ ಉಬ್ಬಸ ಮನೆಯಲ್ಲಿ ಹಿಡಿತಕ್ಕೆ ಬರುತ್ತಿಲ್ಲವಾ, ಮತ್ತೆ ಹಾಸಿಗೆ ಖಾಲಿ ಇದೆಯಾ. ಹಾಗಾಗಿ “ಎಷ್ಟು ದಿನ ಇದ್ದಾರೆ?” ಅಂತ ಡಾಕ್ಟರನ್ನು ಕಾಡಿ ಪ್ರಯೋಜನ ಕಮ್ಮಿ. ಆ ಉತ್ತರ ತಪ್ಪಾಗುವುದೇ ಜಾಸ್ತಿ. 2000ನೇ ಇಸವಿಯಲ್ಲಿ ಪ್ರಕಟವಾದ ಚಿಕಾಗೋದ ಒಂದು ಅಧ್ಯಯನದಲ್ಲಿ 343 ಡಾಕ್ಟರು 468 ಹಾಸ್ಪಿಸ್ ರೋಗಿಗಳ ಆಯುಸ್ಸು ಅಂದಾಜು ಮಾಡಿದ್ದರು. ಹತ್ತಿರಕ್ಕೆ ಬಂದದ್ದು ಐದರಲ್ಲಿ ಒಂದು. ಒಟ್ಟಾರೆ ನಿಜಕ್ಕಿಂತ ಐದು ಪಟ್ಟು ಜಾಸ್ತಿ ಹೇಳಿದ್ದರು. ಡಾಕ್ಟರಿಗೂ ಮನಸ್ಸಿರುತ್ತದೆ, ಅಲ್ವಾ.

ದಿನ ಎಣಿಸುವ ಪ್ರಶ್ನೆಯ ಬದಲು ನಾನು ಈಗ ಮೂರು ಬೇರೆ ಪ್ರಶ್ನೆ ಕೇಳಿ ಅನ್ನುತ್ತೇನೆ. ಈ ಚಿಕಿತ್ಸೆಯಿಂದ ನೀವು ಏನು ನಿರೀಕ್ಷೆ ಮಾಡ್ತಿದ್ದೀರಿ: ಗುಣವಾ, ಒಂದಿಷ್ಟು ಕಾಲವಾ, ಆರಾಮವಾ? ಇನ್ನೊಮ್ಮೆ ಹೀಗೆ ಬಿದ್ದರೆ ಇವತ್ತಿನ ಮಟ್ಟಕ್ಕಾದರೂ ವಾಪಸ್ ಬರ್ತಾರಾ? ಮತ್ತೆ ಮೂರನೆಯದು, ಕೇಳಲು ಬಾಯಿ ಬರುವುದಿಲ್ಲ, ಆದರೂ ಕೇಳಬೇಕು: ಮುಂದಿನ ಯುಗಾದಿಗೆ ಇವರು ಇಲ್ಲದಿದ್ದರೆ ನಿಮಗೆ ಆಶ್ಚರ್ಯ ಆಗ್ತದಾ? ಇದು ನನ್ನ ತಲೆಯಿಂದ ಬಂದದ್ದಲ್ಲ. ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆಯ ಡಾಕ್ಟರುಗಳು ತಮಗೆ ತಾವೇ ಹಾಕಿಕೊಳ್ಳುವ ಪ್ರಶ್ನೆ ಇದು. “ಆಶ್ಚರ್ಯ ಆಗಲ್ಲ” ಅಂದರೆ ಆರೈಕೆಯ ತಂಡವನ್ನು ಹುಡುಕುವ ಹೊತ್ತು ಬಂತು ಅಂತ ಲೆಕ್ಕ. ಸಾಯುವ ಹೊತ್ತು ಬಂತು ಅಂತಲ್ಲ.

ಎರಡು ಪದ, ಒಂದು ಗೊಂದಲ

ಪ್ಯಾಲಿಯೇಟಿವ್ ಕೇರ್ ಅಂದರೂ ಹಾಸ್ಪಿಸ್ ಅಂದರೂ ಒಂದೇ ಅಂದುಕೊಂಡು ನಾವು ಓಡಿಹೋಗುತ್ತೇವೆ. ಮಾವನ ಕ್ಯಾನ್ಸರ್ ಡಾಕ್ಟರು “ಪ್ಯಾಲಿಯೇಟಿವ್ ಓಪಿಡಿಗೆ ಒಮ್ಮೆ ತೋರಿಸಿ” ಅಂದ ದಿನ ಮನೆಯವರು ಹೊರಗೆ ಬಂದು ಅತ್ತುಬಿಟ್ಟರು. ಆ ಚೀಟಿ ಮೂರು ತಿಂಗಳು ಫೈಲಿನಲ್ಲೇ ಉಳಿಯಿತು. ನಮ್ಮ ದೊಡ್ಡ ತಪ್ಪು ಅದೇ.

ಪ್ಯಾಲಿಯೇಟಿವ್, ಅಂದರೆ ಉಪಶಮನ ಆರೈಕೆ. ನೋವು, ವಾಂತಿ, ಉಬ್ಬಸ, ನಿದ್ದೆ, ಭಯ, ಮನೆಯವರ ಆಯಾಸ ಎಲ್ಲ ಇವರ ಕೆಲಸ. ಕೀಮೋ, ರೇಡಿಯೇಶನ್, ಡಯಾಲಿಸಿಸ್ ನಡೆಯುವಾಗಲೇ ಜೊತೆಯಲ್ಲಿ ನಡೆಯಬಹುದು. ಇದಕ್ಕೆ ಆಯುಸ್ಸಿನ ಮಿತಿಯೇ ಇಲ್ಲ. ಕಾಯಿಲೆ ಗೊತ್ತಾದ ಮೊದಲ ವಾರದಲ್ಲೇ ಹೋಗಬಹುದು. 2010ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಿಂದ ಒಂದು ಅಧ್ಯಯನ ಬಂತು. ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ಜನರ ಮೇಲೆ ಮಾಡಿದ್ದು. ಮೊದಲಿನಿಂದಲೇ ಉಪಶಮನ ತಂಡ ಜೊತೆಗಿದ್ದವರು ಮಧ್ಯಮ ಲೆಕ್ಕದಲ್ಲಿ 11.6 ತಿಂಗಳು ಬದುಕಿದರು, ಇಲ್ಲದವರು 8.9. ಕೊನೆಯಲ್ಲಿ ಅನಗತ್ಯ ಚಿಕಿತ್ಸೆಯೂ ಅವರಿಗೆ ಕಮ್ಮಿಯಾಗಿತ್ತು. ಮಾವನದ್ದೂ ಅದೇ ಕಾಯಿಲೆ. ಇದನ್ನು ನಾನು ಓದಿದ್ದು ಅವರು ಹೋಗಿ ವರ್ಷದ ಮೇಲೆ.

ಹಾಸ್ಪಿಸ್ ಅನ್ನುವುದು ಅದೇ ಆರೈಕೆಯ ಕೊನೆಯ ಭಾಗ. ಕಾಯಿಲೆಯ ಜೊತೆ ಹೊಡೆದಾಟ ಮುಗಿದು, ಮನುಷ್ಯನನ್ನು ನೋಡಿಕೊಳ್ಳುವುದು ಮಾತ್ರ ಉಳಿದಾಗಿನದು. ಅದು ಕಟ್ಟಡವೇ ಆಗಬೇಕಿಲ್ಲ, ಮನೆಯ ಮಂಚದ ಮೇಲೂ ನಡೆಯುತ್ತದೆ.

ಕಾಯಿಲೆ ಬೇರೆ, ಇಳಿಯುವ ದಾರಿ ಬೇರೆ

ಪುಣೆಯಿಂದ ಮುಂಬೈಗೆ ರೈಲಿನಲ್ಲಿ ಬಂದವರಿಗೆ ಗೊತ್ತು. ಲೋಣಾವಳದವರೆಗೆ ಏರಿಳಿತ ಅಷ್ಟಾಗಿ ತಿಳಿಯದು. ಖಂಡಾಳ ದಾಟಿದರೆ ಬೋರ್ ಘಾಟ್, ಕರ್ಜತ್‌ವರೆಗೆ ಬರೀ ಇಳಿಜಾರು. ಕ್ಯಾನ್ಸರ್ ಬಹಳ ಸಲ ಹೀಗೇ. ತಿಂಗಳುಗಟ್ಟಲೆ ಓಡಾಡುತ್ತಾರೆ, ಮದುವೆಗೂ ಹೋಗಿಬರುತ್ತಾರೆ. ಆಮೇಲೆ ಕೆಲವೇ ವಾರಗಳಲ್ಲಿ ಇಳಿಯುತ್ತಾರೆ. ಆ ಘಾಟಿ ಶುರುವಾದದ್ದನ್ನು ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು.

ಗುರುತಿಸಲು ಸ್ಕ್ಯಾನಿಗಿಂತ ಮಂಚ ಒಳ್ಳೆಯ ಸಾಕ್ಷಿ. ಎಚ್ಚರವಿರುವ ಹೊತ್ತಿನಲ್ಲಿ ಎಷ್ಟು ಪಾಲು ಮಲಗಿರುತ್ತಾರೆ ಅಂತ ಒಂದು ವಾರ ಬರೆದಿಡಿ. ಕ್ಯಾನ್ಸರ್ ಡಾಕ್ಟರುಗಳು ಫೈಲಿನಲ್ಲಿ ‘ಇಸಿಒಜಿ’ ಅಂತ ಒಂದು ಅಂಕಿ ಹಾಕುತ್ತಾರೆ, ನೋಡಿರಬಹುದು. 0 ಅಂದರೆ ಎಂದಿನ ಓಡಾಟ. 2 ಅಂದರೆ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾರೆ, ದುಡಿಮೆ ಆಗುವುದಿಲ್ಲ. 3 ಅಂದರೆ ಎಚ್ಚರದ ಅರ್ಧಕ್ಕಿಂತ ಜಾಸ್ತಿ ಹೊತ್ತು ಹಾಸಿಗೆ ಅಥವಾ ಕುರ್ಚಿ. 4 ಅಂದರೆ ಪೂರ್ತಿ ಹಾಸಿಗೆ. ಗಟ್ಟಿಗಡ್ಡೆಯ, ಅಂದರೆ ರಕ್ತದ್ದಲ್ಲದ, ಕ್ಯಾನ್ಸರಿನಲ್ಲಿ ಅಂಕಿ 3 ತಲುಪಿದ ಮೇಲೆ ಸಾಮಾನ್ಯವಾಗಿ ಕೀಮೋದಿಂದ ಆಗುವ ಹಾನಿಯೇ ಜಾಸ್ತಿ. ಕೆಲವು ಹೊಸ ಮಾತ್ರೆಗಳ ವಿಷಯದಲ್ಲಿ ಇದಕ್ಕೆ ಅಪವಾದ ಉಂಟು, ಅದನ್ನು ಡಾಕ್ಟರನ್ನೇ ಕೇಳಬೇಕು. ಮಾವನ ಅಂಕಿ ಎರಡು ತಿಂಗಳಲ್ಲಿ 1ರಿಂದ 3ಕ್ಕೆ ಹೋಗಿತ್ತು. ಫೈಲಿನಲ್ಲಿ ಕಣ್ಣೆದುರೇ ಇತ್ತು. ನಮಗೆ ಓದಲು ಬರಲಿಲ್ಲ, ಯಾರೂ ಓದಿ ಹೇಳಲಿಲ್ಲ.

ಹೃದಯ, ಶ್ವಾಸಕೋಶದ ಕಾಯಿಲೆಗಳ ದಾರಿ ಮಳೆಗಾಲದ ಕಡಲಿನ ಹಾಗೆ. ವಾಸ್ಕೋದ ಚಿಕ್ಕಪ್ಪನಿಗೆ ಹಾರ್ಟ್ ಫೇಲ್ಯೂರ್. ಒಂದು ವರ್ಷದಲ್ಲಿ ನಾಲ್ಕು ಸಲ ಅಡ್ಮಿಟ್. ಪ್ರತಿ ಸಲ ಕಾಲು ಊದಿ, ಉಸಿರು ಕಟ್ಟಿ ಹೋಗುವುದು, ಇಂಜೆಕ್ಷನ್ ಹಾಕಿ ನೀರು ಇಳಿಸಿದ ಮೇಲೆ ನಗುತ್ತಾ ಬರುವುದು. ಹೋಗಿಬರುವಾಗ ಪ್ರತಿ ಸಲ ಒಂದು ಮೆಟ್ಟಿಲು ಕೆಳಗೆ ಇಳಿದಿರುತ್ತಿದ್ದರು. ಮೊದಲು ಸಂತೆಗೆ, ಆಮೇಲೆ ಗೇಟಿನವರೆಗೆ, ಕೊನೆಗೆ ಬಚ್ಚಲಿನವರೆಗೆ. ಇಂಥವರಲ್ಲಿ ದಿನ ಹೇಳುವುದು ಯಾರಿಗೂ ಕಷ್ಟ. ಹಾಗಂತ ಗುರುತುಗಳಿಲ್ಲ ಅಂತಲ್ಲ. ಸುಮ್ನೆ ಕೂತಾಗಲೂ ಉಬ್ಬಸ, ಔಷಧ ಪೂರ್ತಿ ಕೊಟ್ಟರೂ ನಿಲ್ಲದ ಊತ, ಪದೇ ಪದೇ ಆಸ್ಪತ್ರೆ, ಬಟ್ಟೆ ಸಡಿಲವಾಗುವಷ್ಟು ತೂಕ ಇಳಿಯುವುದು. ಅಮೆರಿಕದ ಹಾಸ್ಪಿಸ್ ಮಾನದಂಡದಲ್ಲಿ ಹೃದಯಕ್ಕೆ ‘ಎನ್‌ವೈಎಚ್ಎ ನಾಲ್ಕನೇ ದರ್ಜೆ’ ಅನ್ನುವುದು ಸುಮ್ನೆ ಕೂತಾಗಲೂ ಬರುವ ಈ ಉಬ್ಬಸವನ್ನೇ. ಹೃದಯದ ಪಂಪಿನ ಶಕ್ತಿ, ಎಕೋ ರಿಪೋರ್ಟಿನಲ್ಲಿ ಬರುವ ಇಎಫ್, 20 ಶೇಕಡಾ ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಅದಕ್ಕೆ ಇನ್ನಷ್ಟು ಬಲ. ಶ್ವಾಸಕೋಶಕ್ಕಾದರೆ ಆಕ್ಸಿಜನ್ ಹಚ್ಚದೆ ಕೂತಾಗ ಬೆರಳಿನ ಮೀಟರಿನಲ್ಲಿ 88 ಅಥವಾ ಅದಕ್ಕಿಂತ ಕಮ್ಮಿ.

ಎದೆಯಲ್ಲಿ ಷಾಕ್ ಕೊಡುವ ಯಂತ್ರ ಹಾಕಿಸಿಕೊಂಡವರ ಮನೆಯವರು ಒಂದು ಮಾತು ಮರೆಯಬಾರದು. ಕೊನೆಯ ಹಂತದಲ್ಲಿ ಅದರ ಷಾಕನ್ನು ಮಾತ್ರ ಬಂದ್ ಮಾಡಿಸಬಹುದು. ಕೇಳದಿದ್ದರೆ ಯಾರೂ ನೆನಪು ಮಾಡುವುದಿಲ್ಲ, ಅದು ಕೊನೆಯ ಉಸಿರಿನ ಹೊತ್ತಲ್ಲೂ ಹೊಡೆಯಬಹುದು.

ಕಿಡ್ನಿಯದು ಚಿಕ್ಕದಾಗಿ ಹೇಳಿಬಿಡುತ್ತೇನೆ. ಡಯಾಲಿಸಿಸ್ ಬೇಡ ಅಂದವರಿಗೂ, ನಿಲ್ಲಿಸಿದವರಿಗೂ ಆರೈಕೆ ಸಿಗಬೇಕು. ಪೂರ್ತಿ ಡಯಾಲಿಸಿಸ್ ಮೇಲೇ ನಿಂತವರು ನಿಲ್ಲಿಸಿದರೆ ಸಾಮಾನ್ಯವಾಗಿ ಒಂದೆರಡು ವಾರದೊಳಗಿನ ಮಾತು. ಹಾಗಾಗಿ ತಂಡವನ್ನು ಮೊದಲೇ ಹುಡುಕಿಟ್ಟು ಆಮೇಲೆ ನಿಲ್ಲಿಸಿ.

ಮರೆವಿನ ಕಾಯಿಲೆ: ಎಲ್ಲರೂ ಎಡವುವ ಜಾಗ

ಡಿಮೆನ್ಶಿಯಾ ಇಳಿತದ ಹೊತ್ತಿನ ಮರಳದಂಡೆಯಂತೆ. ನಡೆಯುತ್ತಾ ನಡೆಯುತ್ತಾ ಎಲ್ಲಿ ನೀರು ಶುರುವಾಯಿತು ಅಂತಲೇ ತಿಳಿಯುವುದಿಲ್ಲ. ಪುಣೆಯ ದೊಡ್ಡಮ್ಮ ಒಂಬತ್ತು ವರ್ಷ ಹೀಗಿದ್ದರು. ಮೊದಲು ಮರಾಠಿ ಹೋಯಿತು, ಆಮೇಲೆ ಹಿಂದಿ. ಕನ್ನಡ ಕೊನೆಯವರೆಗೂ ಉಳಿಯಿತು. ಅದೂ ಕೊನೆಗೆ ‘ಬಾ’, ‘ಬೇಡ’, ‘ಅವ್ವ’ ಅನ್ನುವಷ್ಟಕ್ಕೆ ಬಂತು.

ಅಳೆಯಲು ಇಲ್ಲಿ ಬೇರೆ ಏಣಿ ಇದೆ, ಅದನ್ನು ‘ಫಾಸ್ಟ್’ ಅನ್ನುತ್ತಾರೆ, ಏಳು ಮೆಟ್ಟಿಲು. ಏಳನೆಯದರಲ್ಲಿ ಮಾತು ದಿನಕ್ಕೆ ಅರ್ಧ ಡಜನ್ ಶಬ್ದಕ್ಕೆ ಇಳಿಯುತ್ತದೆ, ಆಮೇಲೆ ಒಂದೇ ಶಬ್ದಕ್ಕೆ. ನಂತರ ಹಿಡಿದುಕೊಳ್ಳದೆ ನಡೆಯಲಾಗುವುದಿಲ್ಲ, ಆಮೇಲೆ ಕೂರಲಾಗುವುದಿಲ್ಲ, ನಗುವೂ ಹೋಗುತ್ತದೆ. ಅಮೆರಿಕದ ಲೆಕ್ಕದಲ್ಲಿ ಈ ಮೆಟ್ಟಿಲು ತಲುಪಿದ್ದರ ಜೊತೆಗೆ ಕಳೆದ ಒಂದು ವರ್ಷದಲ್ಲಿ ಏನಾದರೂ ದೊಡ್ಡ ತೊಂದರೆ ಬಂದಿರಬೇಕು. ಊಟ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ, ರಕ್ತಕ್ಕೆ ಏರಿದ ಸೋಂಕು, ಬೆನ್ನಿನಲ್ಲಿ ಆಳವಾದ ಹಾಸಿಗೆ ಹುಣ್ಣು, ಅಥವಾ ಆರು ತಿಂಗಳಲ್ಲಿ ಹತ್ತನೇ ಒಂದು ಭಾಗ ತೂಕ ಇಳಿದದ್ದು. ನಮ್ಮಲ್ಲಿ ಯಾರೂ ಈ ಏಣಿ ಕೇಳುವುದಿಲ್ಲ. ಆದರೂ ಮನೆಯವರಿಗೆ ಇದು ಕನ್ನಡಿ. ದೊಡ್ಡಮ್ಮನಿಗೆ ಒಂದೇ ವರ್ಷದಲ್ಲಿ ಎರಡು ನ್ಯುಮೋನಿಯಾ ಆಗಿತ್ತು. ಪ್ರತಿ ಸಲ ಕಟ್ಟಿಹಾಕಿ ಡ್ರಿಪ್ ಕೊಟ್ಟರು. ಯಾಕೆ ಕಟ್ಟುತ್ತಿದ್ದಾರೆ ಅಂತ ಅವರಿಗೆ ಹೇಳುವ ಭಾಷೆಯೇ ಯಾರ ಹತ್ತಿರವೂ ಇರಲಿಲ್ಲ.

ಊಟದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಜಗಳ ಗ್ಯಾರಂಟಿ. “ಹೊಟ್ಟೆಗೆ ಹಾಕದೆ ಸಾಯಿಸ್ತೀರಾ?” ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಕೊನೆಯ ಹಂತದ ಮರೆವಿನಲ್ಲಿ ಮೂಗಿನಿಂದಲೋ ಹೊಟ್ಟೆಯಿಂದಲೋ ನಳಿಗೆ ಹಾಕಿ ಊಟ ಕೊಟ್ಟರೆ ಆಯುಸ್ಸು ಹೆಚ್ಚುವುದಿಲ್ಲ, ನ್ಯುಮೋನಿಯಾ ತಪ್ಪುವುದೂ ಇಲ್ಲ ಅಂತ ವಯೋವೃದ್ಧರ ವೈದ್ಯರು ಹೇಳುತ್ತಾರೆ. ಕೈಯಿಂದ ಒಂದೊಂದು ಚಮಚ, ಅವರು ಬಾಯಿ ತೆರೆದಷ್ಟು. ಬಾಯಿ ಮುಚ್ಚಿದರೆ ಅದೇ ಅವರ ಉತ್ತರ. ದೊಡ್ಡಮ್ಮ ಕೊನೆಯ ತಿಂಗಳು ಮಜ್ಜಿಗೆ, ಮಿದ್ದ ಅನ್ನದಲ್ಲೇ ಇದ್ದರು.

ನಾಲ್ಕು ದಾರಿ, ಜೊತೆಗೆ ನಮ್ಮವರದೇ ಐದನೆಯದು

ಆಸ್ಪತ್ರೆಯಲ್ಲೇ ಮುಂದುವರಿಯುವುದು. ತಿರುಗಿ ಬರುವ ಕಾರಣ ಇದ್ದರೆ ಇದೇ ಸರಿ. ಕೀಮೋ ನಡುವೆ ಬಂದ ಜ್ವರ, ಹೃದಯದವರ ಊತ, ಸೊಂಟ ಮುರಿದದ್ದು, ಇವಕ್ಕೆಲ್ಲ ಓಡಲೇಬೇಕು. ಹಾಸ್ಪಿಸ್ ಹೆಸರು ಕೇಳಿ ಇದನ್ನೂ ಬಿಡುವವರಿದ್ದಾರೆ, ಅದು ತಪ್ಪು. ಐಸಿಯು ಮಾತು ಬೇರೆ. ಅದು ಸೇತುವೆ. ಆಚೆ ದಡ ಇದ್ದರೆ ಮಾತ್ರ ಹತ್ತಬೇಕು. ಮಾವನ ಎರಡನೇ ಐಸಿಯುವಿನಲ್ಲಿ ದಡ ಇರಲಿಲ್ಲ. ಇನ್ನು ಸಾಕು, ಮನೆಗೆ ಕರ್ಕೊಂಡು ಹೋಗ್ತೇವೆ ಅಂದಾಗ ಆ ಆಸ್ಪತ್ರೆಯವರು ‘ಡಾಮಾ’ ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಅಂದರೆ ಡಾಕ್ಟರ ಮಾತು ಮೀರಿ ಒಯ್ಯುತ್ತಿದ್ದೇವೆ ಅಂತ. ಕೈಗೆ ಬಿಲ್ಲು ಬಂತು. ನೋವಿನ ಔಷಧದ ಚೀಟಿ ಬರಲಿಲ್ಲ. ನಿಮಗೆ ಈ ಪರಿಸ್ಥಿತಿ ಬಂದರೆ ಸಹಿ ಹಾಕುವ ಮೊದಲು ಪ್ಯಾಲಿಯೇಟಿವ್ ಡಾಕ್ಟರನ್ನು ಕರೆಸಿ ಅನ್ನಿ, ನೋವು, ಉಬ್ಬಸ, ಚಡಪಡಿಕೆ ಮೂರಕ್ಕೂ ಔಷಧ ಬರೆಸಿಕೊಳ್ಳಿ. ಆಮೇಲೆ ಆಂಬುಲೆನ್ಸ್.

ಚಿಕಿತ್ಸೆ ಮತ್ತು ಉಪಶಮನ ಎರಡೂ ಜೊತೆಯಲ್ಲಿ. ಕಾಯಿಲೆ ದೊಡ್ಡದು, ಮನುಷ್ಯ ಇನ್ನೂ ಓಡಾಡುತ್ತಿದ್ದಾನೆ ಅಂದರೆ ನನ್ನ ಆಯ್ಕೆ ಇದೇ. ಪರೇಲಿನ ಟಾಟಾ ಮೆಮೋರಿಯಲ್‌ನಲ್ಲಿ ಇದಕ್ಕೆ ಬೇರೆಯೇ ವಿಭಾಗ ಇದೆ, ಮನೆಗೆ ಹೋಗಿ ನೋಡುವ ತಂಡವೂ ಇದೆ. ಕಲಬುರಗಿ, ವಿಜಯಪುರ ಕಡೆಯಿಂದ ಬಂದು ದಾದರಿನ ಗಾಡ್ಗೆ ಮಹಾರಾಜ ಧರ್ಮಶಾಲೆಯಲ್ಲಿ ಉಳಿಯುವ ಕನ್ನಡದವರಿಗೂ ಇದನ್ನೇ ಹೇಳುತ್ತೇನೆ: ಊರಿಗೆ ವಾಪಸ್ ಹೊರಡುವ ಮೊದಲು ಆ ವಿಭಾಗಕ್ಕೆ ಒಮ್ಮೆ ಹೋಗಿ, ಔಷಧದ ಚೀಟಿ ಮತ್ತು ಊರಿನ ಡಾಕ್ಟರಿಗೆ ಒಂದು ಪತ್ರ ಹಿಡಿದು ಹೊರಡಿ.

ಹಾಸ್ಪಿಸ್ ಕಟ್ಟಡ. ಭಾರತದ ಮೊದಲ ಹಾಸ್ಪಿಸ್ ನಮ್ಮ ಬಾಂದ್ರಾದ್ದೇ, ಶಾಂತಿ ಅವೇದನಾ ಸದನ, 1986ರಲ್ಲಿ ಶುರುವಾದದ್ದು. ಮುಂದುವರಿದ ಕ್ಯಾನ್ಸರಿನವರಿಗೆ ಮಾತ್ರ, ಉಚಿತ. ಜಾತಿ, ಧರ್ಮ ಕೇಳುವುದಿಲ್ಲ. ಅದೇ ಸಂಸ್ಥೆಯದು ಗೋವಾದಲ್ಲೂ ಇದೆ, ಮಡಗಾಂವ್ ಹತ್ತಿರದ ಲೌಟೊಲಿಂನಲ್ಲಿ. ಚಿಕ್ಕಪ್ಪನಿಗೆ ಹೃದಯದ ಕಾಯಿಲೆಯಾದ್ದರಿಂದ ಆ ಬಾಗಿಲು ತೆರೆಯುವಂತಿರಲಿಲ್ಲ. ಕಾಯಿಲೆಯ ಹೆಸರು ಇಲ್ಲಿ ಎಷ್ಟು ಮುಖ್ಯ ಅಂತ ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಮುಂಬೈಯಲ್ಲಿ ಕ್ಯಾನ್ಸರ್ ಅಲ್ಲದವರಿಗೆ ಮಹಾಲಕ್ಷ್ಮಿಯ ಕಿಂಗ್ ಜಾರ್ಜ್ ಮೆಮೋರಿಯಲ್ ಆವರಣದ ಸುಕೂನ್ ನಿಲಯವನ್ನು ವಿಚಾರಿಸಬಹುದು.

ಪುಣೆಯದು ಬೇರೆ ಬಗೆ. ವಾರ್ಜೆಯ ಸಿಪ್ಲಾ ಪ್ಯಾಲಿಯೇಟಿವ್ ಕೇಂದ್ರ 1997ರಿಂದ ನಡೆಯುತ್ತಿದೆ, ಅದೂ ಉಚಿತ. ಅಲ್ಲಿ ಮನೆಯವರೊಬ್ಬರು ರೋಗಿಯ ಜೊತೆಗೇ ಉಳಿಯುತ್ತಾರೆ. ನೋವು ಹಿಡಿತಕ್ಕೆ ತಂದು, ಮನೆಯವರಿಗೆ ನಳಿಗೆ ತೊಳೆಯುವುದು, ಹುಣ್ಣಿಗೆ ಪಟ್ಟಿ ಕಟ್ಟುವುದು, ಮಗ್ಗುಲು ತಿರುಗಿಸುವುದು ಕಲಿಸಿ ಮನೆಗೆ ಕಳಿಸುವುದು ಅವರ ರೀತಿ. ಬೇಕಾದಾಗ ಮತ್ತೆ ಬರಬಹುದು. ಮುಂಬೈಯವರಿಗೆ ಇದು ಅರ್ಥವಾಗುವುದು ಕಷ್ಟ, “ಹಾಸ್ಪಿಸ್‌ನಿಂದ ವಾಪಸ್ ಕಳಿಸಿದರು!” ಅಂತ ಬೇಸರ ಮಾಡಿಕೊಳ್ಳುತ್ತಾರೆ. ನನಗಂತೂ ಒಳಗೆ ಹೋದವರು ಹೊರಗೆ ಬರುವ ಜಾಗ ಅಂದರೆ ಹೆಚ್ಚು ಧೈರ್ಯ.

ಎಲ್ಲಿಗೆ ಹೋದರೂ ಬಯಾಪ್ಸಿ ರಿಪೋರ್ಟು, ಇತ್ತೀಚಿನ ಸ್ಕ್ಯಾನು, ಡಿಸ್ಚಾರ್ಜ್ ಸಮ್ಮರಿ, ಚಿಕಿತ್ಸೆ ಮಾಡಿದ ಡಾಕ್ಟರ ಪತ್ರ, ಆಧಾರ್ ಒಂದೇ ಫೈಲಿನಲ್ಲಿಡಿ. ರೋಗಿಯನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಬಾಗಿಲಿಗೆ ಹೋಗಬೇಡಿ. ಮೊದಲು ಫೋನು, ಆಮೇಲೆ ಫೈಲು ಹಿಡಿದು ಮನೆಯವರೊಬ್ಬರು, ಹಾಸಿಗೆ ಇದೆ ಅಂದ ಮೇಲೆ ರೋಗಿ.

ಮನೆ. ಆಯ್ಕೆ ಕೊಟ್ಟರೆ ಮಾವ ಇದನ್ನೇ ಕೇಳುತ್ತಿದ್ದರು, ಮಾಟುಂಗಾದ ಹೋಟೆಲ್ಲಿನ ಗಲ್ಲೆಯ ಮೇಲೆ ನಲವತ್ತು ವರ್ಷ ಕೂತು ಮನೆಯಲ್ಲಿ ಕೂರದೇ ಇದ್ದ ಮನುಷ್ಯ. ಮುಂಬೈಯಲ್ಲಿ ಪ್ಯಾಲ್‌ಕೇರ್ ಅನ್ನುವ ಟ್ರಸ್ಟಿನ ತಂಡ ಮನೆಗೇ ಬರುತ್ತದೆ, ದುಡ್ಡು ತೆಗೆದುಕೊಳ್ಳದೆ. ನಿಮ್ಮ ಏರಿಯಾಕ್ಕೆ ಬರುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಮನೆ ಆಗುತ್ತದಾ ಅಂತ ತೀರ್ಮಾನಿಸಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ರಾತ್ರಿ ಎರಡರಿಂದ ಐದು ಯಾರು? ಹಗಲಿಗೆ ಎಲ್ಲರೂ ಇರುತ್ತಾರೆ. ಸೊಸೆ, ಪಕ್ಕದ ಮನೆಯವರು, ಬ್ಯೂರೋದಿಂದ ರೋಗಿಯನ್ನು ನೋಡಿಕೊಳ್ಳಲು ಬರುವ ಮಾವಶಿ. ನೋವು, ಉಬ್ಬಸ, ಹೆದರಿಕೆ ಜಾಸ್ತಿಯಾಗುವುದು ರಾತ್ರಿಯಲ್ಲೇ. ಬೆಳಿಗ್ಗೆ 6.12ರ ಲೋಕಲ್ ಹಿಡಿಯುವ ಮಗ ಹದಿನೈದು ರಾತ್ರಿ ಎದ್ದರೆ ಹದಿನಾರನೇ ದಿನ ಅವನನ್ನೇ ಅಡ್ಮಿಟ್ ಮಾಡಬೇಕು. ಎರಡು ಜನ ಪಾಳಿಯಲ್ಲಿ ಸಿಕ್ಕಿದರೆ, ಫೋನ್ ಎತ್ತುವ ನರ್ಸ್ ಒಬ್ಬರಿದ್ದರೆ, ಔಷಧ ಡಬ್ಬಿಯಲ್ಲಿದ್ದರೆ ಮನೆಯೇ ಸೈ. ಇಲ್ಲದಿದ್ದರೆ ಹಾಸ್ಪಿಸ್ ಹಾಸಿಗೆ ಹುಡುಕಿ. ‘ಅಪ್ಪನನ್ನು ಹೊರಗೆ ಹಾಕಿದರು’ ಅನ್ನುವವರನ್ನು ಒಂದು ರಾತ್ರಿ ಕಾಯಲು ಕರೆಯಿರಿ. ಯಾರೂ ಬರುವುದಿಲ್ಲ.

ಐದನೆಯದು ಊರು. “ನನ್ನನ್ನು ಕುಂದಾಪುರಕ್ಕೆ ಕರ್ಕೊಂಡು ಹೋಗಿ” ಅಂತ ಮಾವ ಕೇಳಿದಾಗ ತಡವಾಗಿತ್ತು. ಮುಂಬೈ ಕನ್ನಡಿಗರ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ, ಯಾವ ಇಂಗ್ಲಿಷ್ ಮಾರ್ಗದರ್ಶಿಯಲ್ಲೂ ಇದು ಇರುವುದಿಲ್ಲ. ಹೋಗುವುದಾದರೆ ಘಾಟಿ ಇಳಿಯುವ ಮೊದಲು ಹೋಗಬೇಕು, ರೈಲಿನ ಬರ್ತ್ ಮೇಲೆ ಎದ್ದು ಕೂರಲು ಆಗುವಾಗಲೇ. ಊರಿನಲ್ಲಿ ಯಾರು ನೋಡಿಕೊಳ್ಳುತ್ತಾರೆ, ಹತ್ತಿರದಲ್ಲಿ ಮಾರ್ಫಿನ್ ಕೊಡುವ ಆಸ್ಪತ್ರೆ ಎಲ್ಲಿದೆ ಅಂತ ಟಿಕೆಟ್ಟಿಗಿಂತ ಮೊದಲು ವಿಚಾರಿಸಿ. ಬೆಂಗಳೂರಿನಲ್ಲಿ ಬಂಧುಗಳಿದ್ದರೆ ಮಾರತಹಳ್ಳಿ ಕಡೆಯ ಕರುಣಾಶ್ರಯ ಇದೆ, ಕ್ಯಾನ್ಸರಿನವರಿಗೆ, ಉಚಿತ. ಅಲ್ಲಿ ಕನ್ನಡವೇ ಕೇಳಿಸುತ್ತದೆ ಅನ್ನುವುದು ಸಣ್ಣ ಮಾತಲ್ಲ. ಪುಣೆಯಲ್ಲಿ ದೊಡ್ಡಮ್ಮನ ಮಂಚದ ತಲೆಯ ಹತ್ತಿರ ನಾವು ‘ನೋವು, ನೀರು, ತಿರುಗಿಸು, ಸಾಕು’ ಅಂತ ಮರಾಠಿ ಅಕ್ಷರದಲ್ಲಿ ಬರೆದು ಅಂಟಿಸಿದ್ದೆವು, ಮಾವಶಿಗೆ ಓದಲಿಕ್ಕೆ.

ಮಾರ್ಫಿನ್ ಬಗ್ಗೆ ಎರಡು ಮಾತು

ಮಾರ್ಫಿನ್ ಅಂದರೆ ಮುಗಿಯಿತು ಅಂತ ಅಲ್ಲ. ನೋವು ಜೋರಾಗಿದ್ದರೆ ಕಾಯಿಲೆಯ ನಡುವಿನಲ್ಲೂ ಕೊಡುತ್ತಾರೆ, ನೋವು ಇಳಿದರೆ ನಿಧಾನವಾಗಿ ಬಿಡಿಸುತ್ತಾರೆ. ನೋವಿಗೆ ತಕ್ಕಷ್ಟು ಕೊಟ್ಟರೆ ಚಟ ಹತ್ತುವ ಭಯ ಬಹಳ ಕಮ್ಮಿ. ಮಲಬದ್ಧತೆ ಮಾತ್ರ ಬಂದೇ ಬರುತ್ತದೆ. ಅದರ ಔಷಧವನ್ನು ಮೊದಲ ದಿನವೇ ಕೇಳಿ. ಸಿಗುವುದು ಯಾಕೆ ಕಷ್ಟ ಅಂದರೆ 1985ರ ಮಾದಕವಸ್ತು ಕಾನೂನು. 2014ರಲ್ಲಿ ಅದನ್ನು ತಿದ್ದಿ, ಇಂಥ ಅಗತ್ಯ ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಮಾಡಿದರು. ಆದರೂ ಬೀದಿಯ ಎಲ್ಲ ಮೆಡಿಕಲ್ ಶಾಪಿನಲ್ಲಿ ಇಡುವುದಿಲ್ಲ. ಮಾನ್ಯತೆ ಪಡೆದ ಆಸ್ಪತ್ರೆ, ಹಾಸ್ಪಿಸ್‌ಗಳಲ್ಲಿ ಸಿಗುತ್ತದೆ. ತಂಡವನ್ನು ಬೇಗ ಗುರುತು ಮಾಡಿಕೊಳ್ಳಿ ಅಂತ ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಅರ್ಧ ಕಾರಣ ಇದೇ. ನೋವು ಶುಕ್ರವಾರ ರಾತ್ರಿ ಬರುತ್ತದೆ, ಓಪಿಡಿ ಸೋಮವಾರ ತೆರೆಯುತ್ತದೆ.

ಕಾಗದಪತ್ರ

ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಮೊಕದ್ದಮೆಯಲ್ಲಿ ಮೊದಲೇ ಬರೆದಿಡುವ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. ಗುಣವಾಗುವ ಆಸೆ ಇಲ್ಲದಾಗ ವೆಂಟಿಲೇಟರ್‌ನಂಥ ಚಿಕಿತ್ಸೆ ಬೇಡ ಅಂತ ಬರೆದಿಡುವ ಪತ್ರ ಅದು. ಮೊದಲು ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕಿತ್ತು. 2023ರ ಜನವರಿಯಲ್ಲಿ ಕೋರ್ಟು ಸುಲಭ ಮಾಡಿತು: ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. 2024ರಲ್ಲಿ ಗೋವಾದಲ್ಲಿ ಮೊದಲ ಪತ್ರ ಮಾಡಿಸಿದವರು ಆಗ ಅಲ್ಲಿಯ ಹೈಕೋರ್ಟ್ ಪೀಠದಲ್ಲಿದ್ದ ನ್ಯಾಯಮೂರ್ತಿ ಎಂ. ಎಸ್. ಸೋನಕ್. ಬುದ್ಧಿ ಸರಿಯಿರುವಾಗ ಮಾಡಿಸಬೇಕು. ಮರೆವು ಶುರುವಾದ ಮೇಲೆ ದಾರಿ ಮುಚ್ಚುತ್ತಾ ಹೋಗುತ್ತದೆ, ದೊಡ್ಡಮ್ಮನ ವಿಷಯದಲ್ಲಿ ನಮಗೆ ಹೀಗೇ ಆಯಿತು. ಚಿಕ್ಕಪ್ಪ ಮಾಡಿಸಿದ್ದರು. ಐದನೇ ಸಲ ಉಸಿರು ಕಟ್ಟಿದಾಗ ಚಿಕ್ಕಮ್ಮ ಆ ಕಾಗದ ತೋರಿಸಿದರು. ಯಾರ ಜೊತೆಯೂ ವಾದ ಮಾಡಬೇಕಾಗಲಿಲ್ಲ.

ಮನೆಯಲ್ಲೇ ಅಂತ ತೀರ್ಮಾನಿಸಿದವರಿಗೆ ಇನ್ನೊಂದು ಕಾಗದ. ಮನೆಯಲ್ಲಿ ಹೋದರೆ ಸಾವಿನ ಕಾರಣದ ಸರ್ಟಿಫಿಕೇಟು, ಅದರ ಹೆಸರು ಫಾರ್ಮ್ 4ಎ, ನೋಡುತ್ತಿದ್ದ ಡಾಕ್ಟರೇ ಕೊಡಬೇಕು. ಅದಿಲ್ಲದೆ ಸ್ಮಶಾನದಲ್ಲಿ ಕಷ್ಟ. ನೋಂದಣಿ 21 ದಿನದೊಳಗೆ. ಒಮ್ಮೆಯೂ ಬಂದು ನೋಡದ ಡಾಕ್ಟರು ಸಹಿ ಹಾಕಲು ಹಿಂಜರಿಯುತ್ತಾರೆ, ಅವರದೂ ತಪ್ಪಲ್ಲ. ಆದ್ದರಿಂದ ಬಿಲ್ಡಿಂಗಿನ ಹತ್ತಿರದ ಫ್ಯಾಮಿಲಿ ಡಾಕ್ಟರನ್ನು ವಾರಕ್ಕೊಮ್ಮೆ ಕರೆಸಿ, ಫೈಲು ತೋರಿಸಿ, ನೇರವಾಗಿ ಕೇಳಿಬಿಡಿ: ರಾತ್ರಿ ಏನಾದರೂ ಆದರೆ ನೀವು ಬರ್ತೀರಾ ಡಾಕ್ಟ್ರೇ?

ನಮ್ಮವರು “ಬರ್ತೇನೆ” ಅಂದಿದ್ದರು. ಎರಡನೇ ಐಸಿಯುವಿನಿಂದ ಬಂದು ಮಾವ ಹನ್ನೊಂದು ದಿನ ಮನೆಯಲ್ಲಿದ್ದರು. ಮೂರನೇ ದಿನದಿಂದ ಮಾರ್ಫಿನ್ ಶುರುವಾಯಿತು. ಐದನೇ ದಿನ ಹೋಟೆಲ್ಲಿನ ಹಳೇ ಹುಡುಗರು ಬಂದಾಗ ಎದ್ದು ಕೂತು ಕಾಫಿ ಕೇಳಿದರು. ಎರಡು ಗುಟುಕು ಕುಡಿದು, ಡಿಕಾಕ್ಷನ್ ತೆಳು ಅಂದರು. ಹನ್ನೆರಡನೇ ದಿನ ಬೆಳಿಗ್ಗೆ ನಾಲ್ಕೂವರೆಗೆ ನಾನು ಫೋನು ಮಾಡಿದೆ. ಡಾಕ್ಟರು ನೈಟ್‌ಪ್ಯಾಂಟಿನಲ್ಲೇ ಬಂದು, ನಾಡಿ ನೋಡಿ, ಊಟದ ಮೇಜಿನ ಮುಂದೆ ಕೂತು ಫಾರ್ಮು ತುಂಬಿದರು. ನ್ಯೂಜೆರ್ಸಿಯಲ್ಲಿ ಆಗಿನ್ನೂ ಹಿಂದಿನ ದಿನದ ಸಂಜೆ. ಮೈದುನ ಇಡೀ ಹೊತ್ತು ವಿಡಿಯೋದಲ್ಲಿದ್ದ. ಕೊನೆಗೆ ಕೇಳಿದ್ದು ಒಂದೇ: “ನೋವಿತ್ತಾ ಅತ್ತಿಗೆ?”

“ಇರಲಿಲ್ಲ” ಅಂದೆ. ನಿಜವಾಗಿಯೂ ಇರಲಿಲ್ಲ.